ರೋಮ್ ಚಕ್ರವರ್ತಿಗೆ ಬೇಡಕಿಹಾಳದ ಫೇಟಾ

೧೯೯೩ರಲ್ಲಿ, ಏಳನೆಯ ಇಯತ್ತೆಯ ಪರೀಕ್ಷೆ ಮುಗಿದ ಮರುದಿನ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ. ಅಂಕಲಿಯ ಒಂದು ಅಂಗಡಿಯಲ್ಲಿ ಸುಟ್ಟುಹೋದ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವುದನ್ನು ನಿಂತು ನೋಡಿದೆ, ಅದು ನನಗೆ ಬೀಜಗಣಿತಕ್ಕಿಂತ ಚೆಂದ ಕಂಡಿತು, ಹೋಗಿ ಕುಳಿತೆ. ಮಾಸ್ತರರು ಎರಡು ಸಲ ಮನೆಗೆ ಬಂದು ಕರೆದರು. ಎರಡೂ ಸಲ ನಾನು ಹಿತ್ತಲ ಬಾಗಿಲಿನಿಂದ ಅಂಗಡಿಗೆ ಓಡಿದೆ. ಇದನ್ನು ಪಶ್ಚಾತ್ತಾಪಕ್ಕೆ ಬರೆಯುತ್ತಿಲ್ಲ. ಇವತ್ತು ಅಂಕಲಿಯಿಂದ ರಾಯಬಾಗದ ತನಕ ಕೃಷ್ಣೆಯ ದಂಡೆಯಲ್ಲಿ ನೀರೆತ್ತುವ ಮೋಟರುಗಳಲ್ಲಿ ಎಷ್ಟರ ಹೊಟ್ಟೆಯೊಳಗೆ ನನ್ನ ಕೈ ಆಡಿದೆಯೋ ನನಗೇ ಗೊತ್ತಿಲ್ಲ. ಕಬ್ಬಿನ ಗದ್ದೆಗಳ ಹಸಿರು ನೋಡಿದಾಗ ಅದರಲ್ಲಿ ಸ್ವಲ್ಪ ನನ್ನದೂ ಇದೆ ಎಂದು ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ, ನನ್ನದೇ ಎದೆ.

ಇಷ್ಟು ಹೇಳಿದ್ದು ಯಾಕೆಂದರೆ, ಸಾಲಿ ಬಿಟ್ಟ ಇದೇ ನಾನು ಹೋದ ವರ್ಷ ರೋಮ್ ಸಾಮ್ರಾಜ್ಯದ ಚಕ್ರವರ್ತಿಯಾದೆ. ಒಂದು ಮಧ್ಯಾಹ್ನದ ಮಟ್ಟಿಗೆ.

ನಮ್ಮೂರ ಸಾಲಿಗೆ ನೂರು ವರ್ಷ ತುಂಬಿತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ನಾಟಕ ಆಡಬೇಕೆಂದು ತೀರ್ಮಾನವಾಯಿತು. ಬರೆಯುವವರು ಅದೇ ನಮ್ಮ ಮಾಸ್ತರರು. ನಿವೃತ್ತರಾಗಿ ಬಹಳ ದಿನವಾಗಿತ್ತು, ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು, ಆದರೆ ಇತಿಹಾಸ ಹೇಳುವ ದನಿ ಮಾತ್ರ ಅಂದಿನದೇ. ಮೊದಲು ಅವರು ನಮ್ಮ ನಾಡಿನದೇ ಒಬ್ಬ ರಾಜನ ಕಥೆ ಬರೆದು ತಂದರು. ಒಬ್ಬ ರಾಜ, ಒಬ್ಬ ಮಂತ್ರಿ, ಮಿಕ್ಕವರೆಲ್ಲ ಭರ್ಚಿ ಹಿಡಿದ ಸಿಪಾಯಿಗಳು. ಸಾಲಿಯ ಕೋಣೆಯಲ್ಲಿ ಸಭೆ ಸೇರಿತ್ತು. ಮಾಸ್ತರರು, “ಸಿಪಾಯಿ ಯಾರ ಆಗತೀರಪಾ?” ಎಂದು ಕೇಳಿದರು. ಒಂದು ಕೈಯೂ ಏಳಲಿಲ್ಲ.

“ಹಂಗಾರ ರಾಜ ಯಾರ ಆಗತೀರಿ?”

ಎಲ್ಲ ಕೈ ಎದ್ದವು. ನನ್ನದು ಎಲ್ಲಕ್ಕಿಂತ ಮೊದಲು ಎದ್ದಿತ್ತು ಅಂತ ನಮ್ಮೂರ ಪೈಲವಾನ ಈಗಲೂ ಚಾಷ್ಟಿ ಮಾಡುತ್ತಾನೆ.

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆ ನಾಟಕವನ್ನು ಮಡಚಿ ಜೇಬಿಗೆ ಇಟ್ಟು ಹೇಳಿದರು: “ಎಲ್ಲಾರಿಗೂ ರಾಜಾನ ಆಗಬೇಕು ಅಂದ್ರ ಅಂಥಾ ದೇಶ ಭೂಮಿ ಮ್ಯಾಲ ಒಂದ ಐತಿ. ಒಂದ ವಾರ ಟೈಮ್ ಕೊಡ್ರಿ.”

ವಾರದ ಮೇಲೆ ರೋಮ್ ಬಂತು.

ಮಾಸ್ತರರು ಆರಿಸಿದ್ದು ಒಂದೇ ವರುಷದ ಸುತ್ತಮುತ್ತ ನಡೆದ ಗದ್ದಲ. ಕುರ್ಚಿಯ ಮೇಲೆ ಒಬ್ಬ ಕೂಡುವುದು, ಅವನ ಕಾವಲಿಗೆ ಇದ್ದವರೇ ಅವನನ್ನು ಮುಗಿಸುವುದು, ಇನ್ನೊಬ್ಬ ಬಂದು ಕೂಡುವುದು. ಮೊದಲನೆಯವನು ತಾನೇ ಅಖಾಡಕ್ಕೆ ಇಳಿದು ಸೆಣಸಾಡುವ ಹುಚ್ಚಿನವನು. ಅವನನ್ನು ಸ್ನಾನದ ಮನೆಯಲ್ಲಿ ಒಬ್ಬ ಕುಸ್ತಿಯವನು ಕತ್ತು ಹಿಸುಕಿ ಕೊಂದ. ಎರಡನೆಯವನು ದುಡಿದು ಮೇಲೆ ಬಂದ ಮುದುಕ. ಸಿಪಾಯಿಗಳಿಗೆ ಶಿಸ್ತು ಕಲಿಸಲು ಹೋದ. ಮೂರು ತಿಂಗಳು ತುಂಬುವುದರೊಳಗೆ ಅವರೇ ಅವನನ್ನು ಇರಿದರು. ಆಮೇಲೆ ಆ ಸಿಪಾಯಿಗಳು ತಮ್ಮ ಕೋಟೆಯ ಗೋಡೆ ಹತ್ತಿ ಸಿಂಹಾಸನವನ್ನು ಲಿಲಾವು ಹಾಕಿ ಹರಾಜು ಕೂಗಿದರು. ನಾನು ಸುಳ್ಳು ಹೇಳುತ್ತಿಲ್ಲ, ನಿಪ್ಪಾಣಿಯಲ್ಲಿ ತಂಬಾಕು ಲಿಲಾವು ಹಾಕಿದಂತೆ. ಕೂಗಿ ಕೊಂಡವನು ಎರಡು ತಿಂಗಳು ಆಳಿದ. ಕೊನೆಗೆ ದೂರದ ಗಡಿಯಿಂದ ಒಬ್ಬ ಸೇನಾಪತಿ ಫೌಜು ಕಟ್ಟಿಕೊಂಡು ಬಂದು ಕುಳಿತ, ಅವನು ಮಾತ್ರ ಗಟ್ಟಿಯಾಗಿ ಕುಳಿತ.

ನಾಲ್ಕು ಮಂದಿ ರಾಜರು. “ಸಿಪಾಯಿಗಳು?” ಎಂದು ಯಾರೋ ಕೇಳಿದರು.

“ಸತ್ತ ರಾಜ ಒಳಗ ಹೋಗಿ ಟೋಪಿ ಹಾಕ್ಕೊಂಡು ಸಿಪಾಯಿ ಆಗಿ ಬರಬೇಕು. ಮುಂದಿನ ರಾಜನ್ನ ಅಂವನ ಕೊಲ್ಲಬೇಕು. ಇನ್ನ ಬಾಕಿ ರಾಜರೂ ತಮ್ಮ ಪಾಳೆ ಬರೂತನಕ ಸಿಪಾಯಿನ.”

ಈ ಯೋಜನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ತಾನು ಸತ್ತ ಮೇಲೆ ಮುಂದಿನವನನ್ನು ಕೊಲ್ಲುವ ಅವಕಾಶ ಸಿಕ್ಕರೆ ಸಿಪಾಯಿಯಾಗಲು ನಮ್ಮ ಕಡೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ರಾಜನ ಪಾತ್ರ ಸಿಗದ ಮೂವರೂ ಕೊಲ್ಲುವುದಕ್ಕಾದರೂ ಸಿಕ್ಕಿತಲ್ಲ ಎಂದು ಸಿಪಾಯಿಗಳಾದರು.

ಪಾತ್ರ ಹಂಚುವಾಗ ಮೊದಲ ತಕರಾರು ಬಂತು. ಅಖಾಡದ ರಾಜನ ಪಾತ್ರ ಆ ಪೈಲವಾನನಿಗೆ. ನನಗಿಂತ ಎರಡು ವರ್ಷ ಕಿರಿಯ, ಮನೆಯಲ್ಲಿ ಕುಸ್ತಿ ಗೆದ್ದು ತಂದ ಬೆಳ್ಳಿ ಗದೆ ಇದೆ. ಕಥೆ ಕೇಳಿದವನೇ ಎದ್ದು ನಿಂತ.

“ಗುರುಗಳ, ಮತ್ತೊಬ್ಬ ಕುಸ್ತಿಯಾಂವ ಬಂದು ನನ್ನ ಕುತ್ತಿಗಿ ಹಿಚಕತಾನ ಅಂತೀರಿ. ನಾ ಸುಮ್ಮನ ಹಿಚಕಿಸಿಕೋಬೇಕೇನ್ರಿ?”

“ಹೌದಪಾ, ಇತಿಹಾಸ ಹಂಗ ಐತಿ.”

“ಇತಿಹಾಸದಾಗ ಇರಲಿ. ಮುಂದಿನ ಸಾಲಿನ್ಯಾಗ ನನ್ನ ತಾಲೀಮಿನ ಹುಡುಗರು ಕುಂತಿರತಾರ.”

ಮಾಸ್ತರರು ಬಹಳ ಹೊತ್ತು ಯೋಚಿಸಿ, ಕುತ್ತಿಗೆ ಹಿಸುಕುವ ಮೊದಲು ಆ ರಾಜನಿಗೆ ವಿಷವನ್ನೂ ಕುಡಿಸಿದ್ದರು, ಆದರೆ ಅವನು ವಾಂತಿ ಮಾಡಿಕೊಂಡು ಉಳಿದಿದ್ದ ಎಂದು ನೆನಪಿಸಿಕೊಂಡರು. ಪೈಲವಾನನ ಮುಖ ಅರಳಿತು.

“ವಿಷಾ ಬೇಕಾದ್ರ ಎರಡ ಗ್ಲಾಸ್ ಕುಡೀತೇನ್ರಿ. ವಾಂತಿನೂ ಮಾಡಂಗಿಲ್ಲ. ಬೆನ್ನ ನೆಲಕ್ಕ ಹಚ್ಚಿ ಚಿತ್ ಮಾತ್ರ ಆಗಂಗಿಲ್ಲ.”

ಹೀಗೆ ಒಬ್ಬ ಚಕ್ರವರ್ತಿಯ ಸಾವು ನಮ್ಮೂರಿನ ಮರ್ಯಾದೆಗೆ ತಕ್ಕಂತೆ ಬದಲಾಯಿತು. ಲಿಲಾವಿನ ರಾಜನ ಪಾತ್ರ ಚಿಕ್ಕೋಡಿ ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡುವವನಿಗೆ ಹೋಯಿತು. ಗಡಿಯಿಂದ ಬರುವ ಸೇನಾಪತಿ, ಮಿಲಿಟರಿಯಿಂದ ನಿವೃತ್ತನಾದ ನಮ್ಮೂರ ಸುಭೇದಾರ. ಉಳಿದದ್ದು ಮುದುಕ. ಮಾಸ್ತರರು ನನ್ನನ್ನೇ ನೋಡಿದರು.

“ಇಂವನ ಅಪ್ಪ ಗುಲಾಮ ಇದ್ದಾಂವ, ಬಿಡುಗಡಿ ಆಗಿ ವ್ಯಾಪಾರ ಮಾಡಿದಾಂವ. ಇಂವ ಕಷ್ಟಾಪಟ್ಟ ದುಡದು ಚಕ್ರವರ್ತಿ ಆದ. ಇಂವನ ಹೆಸರಿನ ಅರ್ಥಾನ ಹಟಮಾರಿ ಅಂತ. ನಿನ್ನ ಬಿಟ್ರ ಯಾರೂ ಇಲ್ಲೋ ತಮ್ಮಾ.”

ಎಲ್ಲರೂ ನಕ್ಕರು. ನನಗೆ ಒಳಗೊಳಗೇ ಖುಷಿಯಾಯಿತು. “ಹಟಮಾರಿ” ಎಂಬುದನ್ನು ನನ್ನ ಹೆಂಡತಿ ಬೈಗುಳವಾಗಿ ಹೇಳುತ್ತಿದ್ದಳು. ಅದು ಚಕ್ರವರ್ತಿಗಳ ಗುಣ ಎಂದು ಗೊತ್ತಾದದ್ದು ಆವತ್ತೇ.

ಅಲ್ಲಿಂದ ಮುಂದೆ ನನಗೆ ರೋಮಿನ ಹುಚ್ಚು ಹಿಡಿಯಿತು. ಸಂಜೆ ನಾಟಕದ ತಾಲೀಮು ಮುಗಿದ ಮೇಲೆ ಮಾಸ್ತರರನ್ನು ಮನೆಯ ತನಕ ಬಿಟ್ಟುಬರುವ ನೆಪದಲ್ಲಿ ಮತ್ತೊಂದು, ಮತ್ತೊಂದು ಎಂದು ಕೇಳುತ್ತಿದ್ದೆ. ಒಂದು ಕಾಲದಲ್ಲಂತೂ ಐವತ್ತು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಬಂದು ಹೋದರಂತೆ. ಒಬ್ಬನನ್ನು ಪ್ರಯಾಣದ ನಡುವೆ, ಕುದುರೆಯಿಂದಿಳಿದು ಒಂದಕ್ಕೆ ನಿಂತಾಗ ಇರಿದರಂತೆ. ಒಬ್ಬನ ಗುಡಾರಕ್ಕೆ ಸಿಡಿಲು ಬಡಿಯಿತಂತೆ. ಅದು ಸಿಡಿಲೋ ಸಿಪಾಯಿಗಳೋ ಇವತ್ತಿಗೂ ಯಾರಿಗೂ ಗೊತ್ತಿಲ್ಲವಂತೆ. ಇದನ್ನೆಲ್ಲ ನಾನು ಮರುದಿನ ಅಂಗಡಿಯಲ್ಲಿ ತಂತಿ ಸುತ್ತುತ್ತ ಗಿರಾಕಿಗಳಿಗೆ ಹೇಳುತ್ತಿದ್ದೆ. ಹೆಸರುಗಳು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ, ಹಾಗಾಗಿ ಮೋಟರಿನ ಲೆಕ್ಕದಲ್ಲಿ ನೆನಪಿಟ್ಟೆ. ಇವನು ಲೋಡ್ ಹೆಚ್ಚಾಗಿ ಸುಟ್ಟವನು, ಇವನು ನೀರಿಲ್ಲದೆ ಓಡಿ ಸುಟ್ಟವನು, ಇವನ ಒಳಗೆ ಮೊದಲೇ ನೀರು ಹೊಕ್ಕಿತ್ತು.

ಅಲಖನೂರಿನಿಂದ ಮೋಟರ್ ತಂದ ಒಬ್ಬ ರೈತ ಎಲ್ಲ ಕೇಳಿ, “ಅಲ್ಲರಿ, ಇಷ್ಟ ಮಂದಿ ಸತ್ತದ್ದ ನೋಡಿದ ಮ್ಯಾಲೂ ಆ ಕುರ್ಚಿ ಯಾಕ ಬೇಕಾಗಿತ್ತರಿ ಅವರಿಗೆ?” ಎಂದ.

“ನೀವು ಮೂರನೇ ಸಲ ಮೋಟರ್ ಸುಟಗೊಂಡ ಬಂದೀರಿ. ಮತ್ತ ಅದ ಬಾವಿಗಿ ಇಳಸ್ತೀರಲ್ರಿ?” ಎಂದೆ.

“ಬಾವ್ಯಾಗ ನೀರ ಐತಿ, ಅದಕ್ಕ ಇಳಸ್ತೇನಿ.”

“ಕುರ್ಚ್ಯಾಗೂ ಏನೋ ಇದ್ದಿರಬೇಕು ತಗೋರಿ.”

ಇನ್ನು ನನ್ನ ಮಾವನ ಮಾತಿಗೆ ಬರುತ್ತೇನೆ. ಈ ಬರಹ ಬರೆಯಲು ಕೂತದ್ದು ಅವರ ಸಲುವಾಗಿಯೇ.

ನನ್ನ ಮಾವ ಬೇಡಕಿಹಾಳದವರು. ನಮ್ಮ ಹಾಗೆ ಜೈನರು, ಕಬ್ಬಿನ ಒಕ್ಕಲುತನ. ಮಗಳನ್ನು ಪಿಯುಸಿ ಓದಿಸಿದ್ದರು, ಡಿಗ್ರಿ ಆದ ವರ ಬೇಕೆಂದಿದ್ದರು. ಆದರೆ ಒಂದು ಬೇಸಿಗೆಯಲ್ಲಿ ಅವರ ಬಾವಿಯ ಮೋಟರ್ ಸುಟ್ಟಿತು, ಕಬ್ಬು ಬಾಡತೊಡಗಿತು, ರಿಪೇರಿಗೆ ನಾನು ಹೋಗಿದ್ದೆ. ಬಾವಿಯ ಕಟ್ಟೆಯ ಮೇಲೆ ಕೂತು ಕೆಲಸ ನೋಡಿದ ಅವರ ತಾಯಿ, “ಈ ಹುಡುಗನ ಕೈ ಚಲೋ ಅದಾವ, ಹುಡುಗೀನ ಇವಗ ಕೊಡು” ಎಂದು ಮಗನಿಗೆ ಅಪ್ಪಣೆ ಮಾಡಿದರು. ತಾಯಿಯ ಮಾತು ಮೀರುವವರಲ್ಲ ನಮ್ಮ ಮಾವ. ಮದುವೆ ಮಾಡಿದರು. ಆದರೆ ನನ್ನ ಜೊತೆ ಮಾತಾಡಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಹಬ್ಬಕ್ಕೆ ಕರೆಯುತ್ತಾರೆ, ಪಕ್ಕದಲ್ಲೇ ಕೂರಿಸಿಕೊಂಡು ಊಟ ಮಾಡುತ್ತಾರೆ. ಮಾತು ಮಾತ್ರ ಮಗಳ ಮೂಲಕ. “ನಿನ್ನ ಗಂಡಗ ಇನ್ನೊಂದ ಹೋಳಗಿ ಹಾಕು.” “ನಿನ್ನ ಗಂಡಗ ಹೇಳು, ಬಸ್ಸ ಹೊತ್ತಾತಂತ.” ನಾನು ಒಂದು ಗೇಣು ದೂರದಲ್ಲಿ ಕೂತಿರುತ್ತೇನೆ! ನಾನೂ ಬಿಟ್ಟುಕೊಡಲಿಲ್ಲ. “ಮಾವಾರಿಗೆ ಹೇಳು, ಹೊಟ್ಟಿ ತುಂಬೇತಿ” ಎನ್ನುತ್ತಿದ್ದೆ. ಹೀಗೆ ಇಪ್ಪತ್ತು ವರ್ಷ ನಮ್ಮಿಬ್ಬರ ನಡುವೆ ನನ್ನ ಹೆಂಡತಿ ತಂತಿಯಾಗಿ ಓಡಾಡಿದಳು.

ನಮ್ಮ ಕಡೆ ಊರ ನಾಟಕಗಳಲ್ಲಿ ಆಯೇರಿ ಮಾಡುವ ರೂಢಿ ಇದೆ. ಪಾತ್ರಧಾರಿಯ ಬೀಗರು, ಗೆಳೆಯರು ನಾಟಕ ನಡೆದಿರುವಾಗಲೇ ರಂಗದ ಮೇಲೆ ಬರುತ್ತಾರೆ. ನಾಟಕ ನಿಲ್ಲುತ್ತದೆ. ಮೈಕಿನಲ್ಲಿ ಯಾರ ಕಡೆಯಿಂದ ಎಂದು ಸಾರುತ್ತಾರೆ, ಪಾತ್ರಧಾರಿಯ ತಲೆಗೆ ಹೊಸ ಫೇಟಾ ಸುತ್ತುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ನಾಟಕ ಮತ್ತೆ ಶುರುವಾಗುತ್ತದೆ. ಮಾವನ ಕೈಯಿಂದ ಫೇಟಾ ಬಿತ್ತೆಂದರೆ ಆ ಅಳಿಯ ಊರಿನ ಎದುರಿಗೆ ಒಪ್ಪಿಗೆಯಾದ ಹಾಗೆ. ನನಗೆ ಆ ಫೇಟಾ ಬೇಕಾಗಿತ್ತು. ಚಕ್ರವರ್ತಿಯ ಪಾತ್ರಕ್ಕೆ ಕೈ ಎತ್ತಿದ್ದೇ ಅದಕ್ಕೆ ಎಂದರೂ ನಡೆಯುತ್ತದೆ.

ಹೆಂಡತಿ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟಳು.

“ಅಪ್ಪಾ, ನಿಮ್ಮ ಅಳಿಯಾರು ಸಾಲ್ಯಾಗ ನಾಟಕ ಮಾಡಾಕತ್ತಾರ. ರೋಮಿನ ಚಕ್ರವರ್ತಿ.”

“ಯಾರು, ನಿನ್ನ ಗಂಡ?”

“ಹೂನಪಾ.”

“ಎಷ್ಟ ದಿನ ಆಳತಾನಂತ?”

“ಮೂರ ತಿಂಗಳೂ ತುಂಬಂಗಿಲ್ಲಂತ. ಆಮ್ಯಾಲ ಕೊಲ್ಲತಾರಂತ.”

“ಹಂಗಾರ ಕಬ್ಬ ಕಡಿಸಿ ನಿಧಾನಕ್ಕ ಬರತೇನಿ. ಟೈಮ್ ಐತೆಲ್ಲ.”

ನಮ್ಮ ಮಾವ ಹಾಸ್ಯ ಮಾಡುತ್ತಾರೆಂದು ಆವತ್ತಿನ ತನಕ ನನಗೆ ಗೊತ್ತಿರಲಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು: “ಬರತೇನಿ. ಫೇಟಾ ತರತೇನಂತ ನಿನ್ನ ಗಂಡಗ ಹೇಳು.”

ಹೆಂಡತಿ ನನ್ನ ಕಡೆ ತಿರುಗಿ, “ಕೇಳಿದ್ರೇನು?” ಎಂದಳು. “ಕೇಳಿತು ಅಂತ ಹೇಳು” ಎಂದೆ.

ನಾಟಕ ಇಟ್ಟದ್ದು ಮಧ್ಯಾಹ್ನ. ಊರಲ್ಲಿ ಅರ್ಧ ಜನ ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಸೂರ್ಯ ಇಳಿಯುವ ಮೊದಲು ರೋಮಿನ ಗದ್ದಲ ಮುಗಿದು ಎಲ್ಲರ ಊಟವೂ ಆಗಬೇಕು ಎಂಬುದು ಕಮಿಟಿಯ ಕಟ್ಟಪ್ಪಣೆ. ಸಾಲಿಯ ಮೈದಾನದಲ್ಲಿ ಮಂಟಪ ಹಾಕಿದರು. ಚಿಕ್ಕೋಡಿಯಿಂದ ತಂದ ಬಾಡಿಗೆಯ ಕಿರೀಟಗಳು ಪೌರಾಣಿಕ ನಾಟಕದವು, ಎತ್ತರ ಗೋಪುರದಂಥವು. ಮಾಸ್ತರರು ಅವನ್ನು ಮುಟ್ಟಲೂ ಇಲ್ಲ. ರೋಮಿನವರು ಎಲೆಯ ಕಿರೀಟ ಹಾಕುತ್ತಿದ್ದರಂತೆ. ಕಾಗವಾಡದಲ್ಲಿ ದ್ರಾಕ್ಷಿ ತೋಟವಿದ್ದ ಒಬ್ಬ ಹಳೆಯ ವಿದ್ಯಾರ್ಥಿ ಬಳ್ಳಿ ಕಳಿಸಿದ, ಅದನ್ನೇ ಸುತ್ತಿ ಒಂದು ಕಿರೀಟ ಮಾಡಿದರು. ಪೈಲವಾನನ ತಲೆಯ ಅಳತೆಗೆ. ಮುಂದಿನವರೆಲ್ಲ ಅದನ್ನೇ ಹಾಕಿಕೊಳ್ಳಬೇಕು. ಮೈಗೆ ಬಿಳಿ ಧೋತರ. ಕಾಲಿಗೆ ಎಲ್ಲರಿಗೂ ಅಥಣಿ ಚಪ್ಪಲಿ, ಹೊಚ್ಚ ಹೊಸವು, ಹೆಜ್ಜೆಗೊಮ್ಮೆ ಕರ್ ಕರ್ ಎನ್ನುವಂಥವು. ಕಳ್ಳ ಹೆಜ್ಜೆಯಲ್ಲಿ ಬಂದು ಚಕ್ರವರ್ತಿಯನ್ನು ಕೊಲ್ಲಬೇಕಾದ ಆರು ಮಂದಿ ಕರ್ ಕರ್ ಎನ್ನುತ್ತ ಬರುವುದು ಮೊದಲ ದೃಶ್ಯದಲ್ಲೇ ಜನರಿಗೆ ಬಹಳ ಹಿಡಿಸಿತು. ಪೈಲವಾನ ತಿರುಗಿ ನೋಡಿ, “ಬರ್ರಿ, ಬರ್ರಿ” ಎಂದುಬಿಟ್ಟ.

ಅವನಿಗೆ ಮೂರು ಆಯೇರಿ ಬಂದವು. ಆಮೇಲೆ ಎರಡು ಗ್ಲಾಸ್ ವಿಷ ಕುಡಿದು, ಮೂರನೆಯದನ್ನೂ ಕೇಳಿ ಕುಡಿದು, ಬೆನ್ನು ನೆಲಕ್ಕೆ ತಾಗದಂತೆ ಹೊಟ್ಟೆಯ ಮೇಲೆ ಬಿದ್ದು ಸತ್ತ.

ನನ್ನ ಪಾಳಿ ಬಂತು. ಕಿರೀಟ ತಲೆಗಿಟ್ಟರೆ ಕಿವಿಯ ತನಕ ಇಳಿಯಿತು. ರಂಗದ ಮೇಲೆ ಕರ್ ಕರ್ ಎಂದು ನಡೆದುಹೋಗಿ ಸಿಂಹಾಸನದಲ್ಲಿ ಕೂತೆ. ಅದು ಹೆಡ್ ಮಾಸ್ತರರ ಕುರ್ಚಿ. ಏಳನೆಯ ಇಯತ್ತೆಯಲ್ಲಿ ಅದರ ಮುಂದೆ ಏಟು ತಿನ್ನಲು ಕೈ ಚಾಚಿ ನಿಂತಿದ್ದೆ. ಕೂತ ಕೂಡಲೇ ಹೆಂಗಸರ ಸಾಲಿನಲ್ಲಿ ಹೆಂಡತಿಯನ್ನು ಹುಡುಕಿದೆ. ಮೊದಲೇ ಮಾತಾಗಿತ್ತು. ಮಾವ ಬಂದರೆ ಕೈ ಎತ್ತಬೇಕು. ಅವಳು ಫೋನು ಕಿವಿಗೆ ಹಚ್ಚಿಕೊಂಡು ತಲೆ ಅಲ್ಲಾಡಿಸಿದಳು. ಇನ್ನೂ ಬಂದಿಲ್ಲ. ಸದಲಗಾದ ಹತ್ತಿರ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿದ್ದಾರೆಂದು ನನಗೆ ಆಮೇಲೆ ತಿಳಿಯಿತು. ಕಬ್ಬು ಕಡಿಯುವ ಹಂಗಾಮಿನಲ್ಲಿ ಆ ಹಾದಿಯಲ್ಲಿ ಚಕ್ರವರ್ತಿಯೇ ಬಂದರೂ ಟ್ರ್ಯಾಕ್ಟರ್ ಬಾಜೂ ಸರಿಯುವುದಿಲ್ಲ.

ಮಾಸ್ತರರು ಬರೆದ ಪ್ರಕಾರ ನಾನು ಶಿಸ್ತಿನ ಆಜ್ಞೆ ಮಾಡಬೇಕು, ಸಿಪಾಯಿಗಳು ಸಿಟ್ಟಾಗಿ ಬರಬೇಕು, ನಾನು ಓಡಿಹೋಗದೆ ಎದುರಿಗೆ ನಿಂತು ನಾಲ್ಕು ಮಾತು ಹೇಳಬೇಕು, ಅವರು ಒಂದು ಗಳಿಗೆ ಕತ್ತಿ ಇಳಿಸಬೇಕು, ಆಗ ಒಬ್ಬ ಭರ್ಚಿ ಎಸೆಯಬೇಕು. ಖರೇ ಇತಿಹಾಸವೂ ಹಾಗೆಯೇ ಅಂತೆ. ಆ ಮುದುಕ ಓಡಲಿಲ್ಲ, ಎದುರಿಗೆ ಬಂದು ಮಾತಾಡಿದ.

ನಾನೂ ಎದುರಿಗೆ ಬಂದೆ. ನಾಲ್ಕು ಮಾತು ಹೇಳಿದೆ. ಸಿಪಾಯಿಗಳು ಕತ್ತಿ ಇಳಿಸಿದರು. ಸತ್ತು ಸಿಪಾಯಿಯಾಗಿ ಬಂದಿದ್ದ ಪೈಲವಾನ ಭರ್ಚಿ ಎತ್ತಿದ. ನಾನು ಹೆಂಡತಿಯ ಕಡೆ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು.

“ಎಸೀಲೇನ್ರಿ?” ಪೈಲವಾನ ತುಟಿಯೊಳಗೇ ಕೇಳಿದ.

“ತಡಿಯಪಾ, ಮಾವ ಬಂದಿಲ್ಲ.”

ಮೂರು ಆಯೇರಿ ಪಡೆದವನಿಗೆ ಅದು ತಿಳಿಯದೆ ಇರುತ್ತದೆಯೇ? ಭರ್ಚಿ ಇಳಿಸಿ ಉಳಿದವರಿಗೆ ಗದರಿಸಿದ: “ಕೇಳ್ರಿ ಲೇ! ರಾಜರು ಇನ್ನೂ ಮಾತಾಡಾಕತ್ತಾರ!”

ಈಗ ಮಾತಾಡಬೇಕು. ಬರೆದ ಮಾತು ಮುಗಿದಿತ್ತು. ನಾನು ಬಾಯಿಗೆ ಬಂದದ್ದು ಶುರು ಮಾಡಿದೆ. “ಸಿಪಾಯಿಗಳ್ರಾ, ಭತ್ತೆ ಬೇಕಂತೀರಿ, ಕಸರತ್ತ ಮಾಡ್ರಿ ಅಂದ್ರ ಒಲ್ಲೆ ಅಂತೀರಿ! ನಾ ಏನ ಹುಟ್ಟಿದಾಗ ಎಲಿ ಕಿರೀಟ ಹಾಕ್ಕೊಂಡ ಹುಟ್ಟೇನೇನು? ಏಳನೇತ್ತೆಗೆ ಸಾಲಿ ಬಿಟ್ಟ ಬಂದಾಂವ ಅದೇನಿ!” ಜನ ಹೋ ಎಂದರು. “ಬಾವಿ ಒಳಗ ಇಳದೇನಿ, ಹೊಳಿ ರಾಡ್ಯಾಗ ನಿಂತ ಪಂಪ್ ಎತ್ತೇನಿ, ತ್ರೀ ಫೇಸ್ ಬಂದಾಗ ಎದ್ದೇನಿ, ಹೋದಾಗ ಮಲಗೇನಿ. ರೋಮ್ ಅಂದ್ರ ಸುಮ್ಮನ ಆಗೇತೇನು?”

ರೋಮಿಗೆ ತ್ರೀ ಫೇಸ್ ಕರೆಂಟ್ ಬಂದದ್ದಕ್ಕೆ ರೈತರ ಸಾಲಿನಿಂದ ಬಿದ್ದ ಚಪ್ಪಾಳೆಗೆ ಮಂಟಪದ ತಗಡು ನಡುಗಿತು. ನನಗೆ ಮೈಮೇಲೆ ಬಂದಂತಾಯಿತು. ಬೇರಿಂಗಿಗೆ ಗ್ರೀಸ್ ಹಾಕದವನು ದೇಶ ಹೇಗೆ ಕಾಯುತ್ತಾನೆ ಎಂದು ಕೇಳಿದೆ. ಸಿಪಾಯಿಗಳಲ್ಲಿ ಒಬ್ಬ ನಿಜವಾಗಿಯೂ ತಲೆ ತಗ್ಗಿಸಿದ, ಅವನ ಮೋಟರ್ ಆ ವಾರವೇ ಸುಟ್ಟಿತ್ತು. ನನ್ನ ಆಳ್ವಿಕೆ ಹೀಗೇ ನಡೆದರೆ ಮುಂದಿನ ಚಕ್ರವರ್ತಿಗೆ ಜಾಗವೇ ಇಲ್ಲ.

ಅದು ಮುಂದಿನ ಚಕ್ರವರ್ತಿಗೂ ಗೊತ್ತಾಯಿತು. ಪರದೆಯ ಸಂದಿಯಿಂದ ಎತ್ತಿನ ವ್ಯಾಪಾರಿಯ ಮುಖ ಹೊರಬಂತು.

“ಲೇ, ಸಾಯಲೇ! ಹೊತ್ತ ಮುಳಗಾಕತ್ತೇತಿ! ನಾ ಯಾವಾಗ ಆಳೂದು?”

ಆ ಮಾತು ಮೈಕಿಗೆ ಸಿಕ್ಕಿ ಊರಿಗೆಲ್ಲ ಕೇಳಿತು. ಹೆಂಗಸರ ಸಾಲಿನಲ್ಲಿ ಮುದುಕಿಯರು ಸೂರ್ಯನ ಕಡೆ ನೋಡಿ ಸೆರಗು ಕೊಡವಿ ಏಳತೊಡಗಿದರು. ಅವರು ಹೋದರೆಂದರೆ ನಾಟಕ ಮುಗಿದಂತೆ. ಮಾಸ್ತರರು ಪರದೆಯ ಹಿಂದಿನಿಂದ ಎರಡೂ ಕೈ ಮುಗಿದರು. ನೂರು ವರ್ಷದ ಸಾಲಿ, ಅವರ ನಾಟಕ. ಹೆಂಡತಿ ಮತ್ತೆ ತಲೆ ಅಲ್ಲಾಡಿಸಿದಳು. ಸಾಕು, ಹಣೆಯಲ್ಲಿ ಫೇಟಾ ಬರೆದಿಲ್ಲ ಎಂದುಕೊಂಡೆ. ಆ ಮುದುಕ ಸಾಯುವಾಗ ಮಾಡಿದನೆಂದು ಮಾಸ್ತರರು ಹೇಳಿಕೊಟ್ಟಂತೆ ಧೋತರದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪೈಲವಾನನಿಗೆ ಕಣ್ಣು ಹೊಡೆದೆ. ಭರ್ಚಿ ಬಂತು. ಅದು ಗಾಳಿಯಲ್ಲಿದ್ದಾಗಲೇ ಹೆಂಡತಿಯ ಕೈ ಮೇಲೆದ್ದಿತು.

ಭರ್ಚಿಯನ್ನು ವಾಪಸು ಕಳಿಸಲು ಆಗುತ್ತದೆಯೇ? ಸತ್ತೆ.

ಬಿದ್ದಲ್ಲಿಂದ ಒಂದೇ ಕಣ್ಣು ತೆರೆದು ನೋಡಿದೆ. ಮಂಟಪದ ಬಾಗಿಲಲ್ಲಿ ನಮ್ಮ ಮಾವ, ಬಿಳಿ ಟೋಪಿ, ಕಂಕುಳಲ್ಲಿ ಕೇಸರಿ ಫೇಟಾದ ಗಂಟು, ಮೈಮೇಲೆ ಸದಲಗಾದ ಧೂಳೆಲ್ಲ. ಜನ ಹಾದಿ ಬಿಟ್ಟರು. ಮೈಕಿನವನಿಗೆ ಆಯೇರಿ ಕಂಡರೆ ಮತ್ತೇನೂ ಕಾಣುವುದಿಲ್ಲ. “ಬೇಡಕಿಹಾಳದ ಬೀಗರಿಂದ ಚಕ್ರವರ್ತಿಗಳಿಗೆ ಆಯೇರಿ! ನಾಟಕ ನಿಲ್ಲಸ್ರಿ!” ಎಂದು ಸಾರಿಯೇಬಿಟ್ಟ.

ಮಾವ ಮೆಟ್ಟಿಲು ಹತ್ತಿ ಬಂದು ನನ್ನ ತಲೆಯ ಹತ್ತಿರ ನಿಂತರು. ಫೇಟಾ ಬಿಚ್ಚಲು ಹೋಗಿ ನಿಂತುಬಿಟ್ಟರು. ಯಾಕೆಂದು ನನಗೂ ಗೊತ್ತು, ಊರಿಗೂ ಗೊತ್ತು. ಮಲಗಿದವನ ಮೈಮೇಲೆ ಬೀಗರು ಹೊಸ ಬಟ್ಟೆ ಹಾಕುವುದು ಒಂದೇ ಸಲ, ಆ ಸಲ ಮಲಗಿದವನು ಏಳುವುದಿಲ್ಲ.

ಮಾವ ಅಭ್ಯಾಸಬಲದಿಂದ ಹೆಂಗಸರ ಸಾಲಿನ ಕಡೆ ತಿರುಗಿದರು. “ನಿನ್ನ ಗಂಡಗ ಏಳಾಕ ಹೇಳು.”

ನನ್ನ ಹೆಂಡತಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತಂತಿ ಕಡಿದಳು. “ನೀವ ಹೇಳ್ರಿ ಅಪ್ಪಾ. ನಿಮ್ಮ ಕಾಲಾಗ ಬಿದ್ದಾರ.”

“ಏಳಬ್ಯಾಡೋ!” ಪರದೆಯ ಹಿಂದಿನಿಂದ ಮಾಸ್ತರರು ಪಿಸುಗುಟ್ಟಿದರು. “ನೀ ಸತ್ತೀದಿ!”

ಮಾಸ್ತರರು ಹೇಳದಿದ್ದರೂ ನಾನು ಏಳುತ್ತಿರಲಿಲ್ಲ. ಸತ್ತವನಿಗೆ ಏನು ಅವಸರ? ಹೊತ್ತು ಮುಳುಗುವ ಅಂಜಿಕೆ ಬದುಕಿದವರಿಗೆ. ನಾನು ಆ ಒಂದು ಕಣ್ಣನ್ನೂ ಮುಚ್ಚಿಕೊಂಡು, ಹೆಡ್ ಮಾಸ್ತರರ ಕುರ್ಚಿಯ ಕೆಳಗೆ ಹಾಯಾಗಿ ಕಾಲು ಚಾಚಿದೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾವನ ಚಪ್ಪಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸರಿದ ಸಪ್ಪಳ ಕೇಳಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸಪ್ಪಳ.

“ಅಳಿಯಾರ,” ಎಂದರು. ಮತ್ತೆ ಸ್ವಲ್ಪ ತಡೆದು, “ಏಳ್ರಿ.”

ಎದ್ದೆ. ಜನ ಹಾಕಿದ ಸಿಳ್ಳೆಗೆ ಮರದ ಮೇಲಿನ ಕಾಗೆಗಳೆಲ್ಲ ಹಾರಿದವು. ಎಲೆಯ ಕಿರೀಟ ಬಾಡಿ ಕೊರಳಿಗೆ ಇಳಿದಿತ್ತು, ಮಾವ ಅದನ್ನು ತೆಗೆದು ಒಂದು ಕೈಯಲ್ಲಿ ಹಿಡಿದು, “ಇದ ಯಾರ್ದರಿ?” ಎಂದು ಕೇಳಿದರು. ಎತ್ತಿನ ವ್ಯಾಪಾರಿ ಓಡಿಬಂದು, “ನಂದರಿ, ನಂದರಿ” ಎಂದು ಕಸಿದುಕೊಂಡ. ಲಿಲಾವು ಇನ್ನೂ ಆಗಿರಲಿಲ್ಲ. ಮಾವ ಫೇಟಾ ಸುತ್ತತೊಡಗಿದರು. ಒಂದು ಸುತ್ತಿನ ಮೇಲೆ ಒಂದು, ಎಲ್ಲೂ ಸಡಿಲವಿಲ್ಲ, ಎಲ್ಲೂ ಗಂಟಿಲ್ಲ. ತಂತಿ ಸುತ್ತುವವನಿಗೆ ಕೈ ನೋಡಿದರೆ ತಿಳಿಯುತ್ತದೆ. ಆ ಕೈಗೆ ಕಲಿಸಿಕೊಟ್ಟಿದ್ದರೆ ಇವರು ಚಲೋ ವೈಂಡಿಂಗ್ ಮಾಡುತ್ತಿದ್ದರು ಎಂದು ಅಂಥ ಹೊತ್ತಿನಲ್ಲೂ ಅನಿಸಿತು.

ಫೇಟಾ ಮುಗಿದ ಮೇಲೆ ತೊಂದರೆ ಶುರುವಾಯಿತು. ಮಾಸ್ತರರು ಪೈಲವಾನನಿಗೆ ಸನ್ನೆ ಮಾಡಿದರು: ಮತ್ತೊಮ್ಮೆ ಕೊಲ್ಲು. ಪೈಲವಾನ ಭರ್ಚಿ ಎತ್ತಿದ. ಮಾವ ಅದರ ತುದಿ ಹಿಡಿದುಕೊಂಡರು.

“ಏನಪಾ ಇದು?”

“ಇವರನ್ನ ಕೊಲ್ಲಬೇಕ್ರಿ ಕಾಕಾ. ಇತಿಹಾಸ.”

“ನಾ ಈಗ ಫೇಟಾ ಸುತ್ತೇನಿ. ನನ್ನ ಮಗಳು ಅಲ್ಲೇ ಕುಂತಾಳ. ನಾವು ಇರಿವಿ ತುಳಿಯದ ಮಂದಿ, ಅಳಿಯನ್ನ ಕೊಲ್ಲೂದ ನೋಡಕೋತ ನಿಲ್ಲಲೇನು?” ಎಂದವರೇ ಸಿಂಹಾಸನದ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. “ನಡಸ್ರಿ ನಿಮ್ಮ ನಾಟಕ.”

ಹಾಗಾಗಿ ನಮ್ಮೂರಲ್ಲಿ ರೋಮ್ ಸಾಮ್ರಾಜ್ಯದ ಲಿಲಾವು ಹಿಂದಿನ ಚಕ್ರವರ್ತಿ ಬದುಕಿ, ಮಾವನ ಜೊತೆ ಕೂತು ನೋಡುತ್ತಿರುವಾಗಲೇ ನಡೆಯಿತು. ಅದೂ ನಡೆದ ಬಗೆ ಹೇಳಬೇಕು. ಕೂಗಿ ಕೂಗಿ ದರ ಏರಿಸಬೇಕಾದ ಎತ್ತಿನ ವ್ಯಾಪಾರಿ, ಸಂತೆಯ ರೂಢಿಯಂತೆ ಸಿಪಾಯಿಯ ಕೈಮೇಲೆ ಟವೆಲ್ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ದರ ಹೇಳಿದ. ಜಗತ್ತಿನ ದೊಡ್ಡ ಸಾಮ್ರಾಜ್ಯ ಎಷ್ಟಕ್ಕೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಕೂಡುವ ಮೊದಲು ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿದ. ಅಷ್ಟರಲ್ಲಿ ಗಡಿಯಿಂದ ಸುಭೇದಾರ ಬಂದ. ಸೂರ್ಯ ಮಂಟಪದ ಅಂಚಿಗಿದ್ದ. “ನನ್ನ ಕೊಲ್ಲೂದು ಬ್ಯಾಡ್ರಿ, ಊಟಕ್ಕ ಹೊತ್ತಾಗೇತಿ” ಎಂದು ವ್ಯಾಪಾರಿ ತಾನೇ ಕಿರೀಟ ಬಿಚ್ಚಿ ಅವನ ತಲೆಗಿಟ್ಟು ಇಳಿದುಹೋದ. ಒಟ್ಟು ನಾಟಕದಲ್ಲಿ ಸತ್ತು ಸತ್ತಂತೆಯೇ ಉಳಿದವನು ಪೈಲವಾನ ಒಬ್ಬನೇ, ಅದೂ ತನ್ನ ಮನಸ್ಸಿಗೆ ಬಂದ ಹಾಗೆ.

ಮಾಸ್ತರರ ಕಡೆ ನೋಡಲು ನನಗೆ ಅಂಜಿಕೆಯಾಗಿತ್ತು. ಅವರು ಪರದೆಯ ಹಗ್ಗ ಹಿಡಿದುಕೊಂಡು ನಗುತ್ತಿದ್ದರು, ಕನ್ನಡಕ ಒರೆಸುತ್ತಿದ್ದರು, ಮತ್ತೆ ನಗುತ್ತಿದ್ದರು. “ಆ ಮುದುಕಗ ರೋಮಿನ್ಯಾಗೂ ಇಂಥಾ ಮಾವ ಇದ್ದಿದ್ರ ಉಳೀತಿದ್ದನೋ,” ಎಂದರು.

ಊಟಕ್ಕೆ ಸಾಲಿಯ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಮಾವ ನನ್ನ ಪಕ್ಕದಲ್ಲಿ. ಹೆಂಡತಿ ಬಡಿಸಲು ಬಂದಳು. ಮಾವ ಬಾಯಿ ತೆರೆದರು, ಅವಳ ಮುಖ ನೋಡಿದರು, ನನ್ನ ಕಡೆ ತಿರುಗಿದರು.

“ಅಳಿಯಾರ, ನಮ್ಮ ಬಾವಿ ಮೋಟರ್ ಭಾಳ ಗುಂಯ್ ಅನ್ನಾಕತ್ತೇತಿ.”

“ಬೇರಿಂಗ್ ಹೋಗಿರಬೇಕ್ರಿ ಮಾವಾರ. ನಾಳಿ ಬರತೇನಿ.”

“ಬರ್ರಿ. ಮುಂಜಾನೆ ಊಟಕ್ಕ ಬರ್ರಿ.”

ಹೆಂಡತಿ ಹುಗ್ಗಿಯ ಸೌಟು ಹಿಡಿದುಕೊಂಡು ಇಬ್ಬರನ್ನೂ ನೋಡುತ್ತ ನಿಂತಿದ್ದಳು. “ನನಗ ಏನಾರ ಕೆಲಸ ಐತೇನು ಇನ್ನ?” ಎಂದಳು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅಂಕಲಿಯ ಹಾದಿಗೆ ಒಂದು ಅಂಗಡಿ, ಅದರಲ್ಲಿ ಎರಡು ವೈಂಡಿಂಗ್ ಮಷೀನು. ಒಂದೂವರೆ ಎಕರೆ ಹೊಲ, ಅದರಲ್ಲಿ ಕಬ್ಬು. ಒಂದು ಮನೆ. ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು. ಏಳು ವರ್ಷದ ಓದು. ಒಂದು ಜೊತೆ ಅಥಣಿ ಚಪ್ಪಲಿ, ಇನ್ನೂ ಕರ್ ಎನ್ನುತ್ತವೆ. ಒಂದು ಕೇಸರಿ ಫೇಟಾ, ಬಿಚ್ಚಿಲ್ಲ. ಮಾತಾಡುವ ಮಾವ, ಒಬ್ಬರು.